ಸೊರಗಿದ ಸಾಲಿನ ತೀರ್ಪು

ನನ್ನ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಆ ದಿನ ಕಾರವಾರದ ನಮ್ಮ ಸಂಶೋಧನಾ ಕೇಂದ್ರದಲ್ಲಿ, ಬಲೆ ಹೊದಿಸಿದ ನೆಟ್ ಹೌಸಿನಲ್ಲಿ ಮೂವರಿದ್ದೆವು: ಸಸ್ಯವಿಜ್ಞಾನಿಯಾದ ನಾನು, ಬದನೆ ಬೀಜ ಕೊಟ್ಟ ಅವರ್ಸಾ ಊರಿನ ರೈತ ಮಹಿಳೆ ನಾಗಮ್ಮ, ಮತ್ತೆ ಬೀಜ ಆಯ್ಕೆ ಸಮಿತಿಯ ಅಧ್ಯಕ್ಷರು. ನಾಗಮ್ಮನವರ ಬದನೆಯನ್ನು ಬೀಜೋತ್ಪಾದನೆಗೆ ಸೇರಿಸಬೇಕೋ ಬೇಡವೋ ಎಂಬುದು ಅಂದೇ ತೀರ್ಮಾನವಾಗಬೇಕಿತ್ತು.

ನಮ್ಮ ಕರಾವಳಿಯ ಬದನೆಗೆ ದೊಡ್ಡ ಶತ್ರು ಸೊರಗು ರೋಗ. ಮಣ್ಣಿನ ಬ್ಯಾಕ್ಟೀರಿಯಾದ ಕೆಲಸ ಅದು. ನಾಗಮ್ಮನವರ ತಳಿ ಮಾತ್ರ ಅದಕ್ಕೆ ಜಗ್ಗುತ್ತಿರಲಿಲ್ಲ. ಕಾವಲಿಗಿರುವ ಜೀನ್ ಯಾವುದೆಂದು ಹುಡುಕಲು ನಾನು ವೈರಸ್ ಮೂಲಕ ಜೀನ್ ಸೈಲೆನ್ಸಿಂಗ್ ಮಾಡುವ ವಿಧಾನ ಹಿಡಿದಿದ್ದೆ. ಗಿಡದ ಜೀನಿನ ಒಂದು ತುಣುಕನ್ನು ಪಳಗಿಸಿದ ವೈರಸ್ಸಿಗೆ ಸೇರಿಸಿ ಎಳೆ ಸಸಿಗೆ ಹಾಕುತ್ತೇವೆ. ವೈರಸ್ಸನ್ನು ಹತ್ತಿಕ್ಕಲು ಹೊರಟ ಗಿಡ ಅದೇ ಭರದಲ್ಲಿ ತನ್ನ ಆ ಜೀನಿನ ಬಾಯಿಯನ್ನೂ ಮುಚ್ಚಿಸುತ್ತದೆ. ಮನೆ ನಡೆಸುವವರು ಯಾರೆಂದು ತಿಳಿಯಬೇಕಾದರೆ ಒಬ್ಬೊಬ್ಬರನ್ನೇ ಸುಮ್ಮನೆ ಕೂರಿಸಿ ನೋಡು ಎನ್ನುತ್ತಿದ್ದಳು ನನ್ನಜ್ಜಿ. ಇದೂ ಅಷ್ಟೇ.

ಆಮೇಲೆ ಎಲ್ಲ ಗಿಡಗಳಿಗೂ ರೋಗ ಹಚ್ಚಿದ್ದೆ. ಜೀನಿನ ತುಣುಕಿಲ್ಲದ ಖಾಲಿ ವೈರಸ್ ಹಾಕಿದ ಸಾಲು ನೆಟ್ಟಗೆ ನಿಂತಿತ್ತು. ಜೀನಿನ ಬಾಯಿ ಮುಚ್ಚಿಸಿದ ಸಾಲು ಮಲಗಿತ್ತು. ಕಾವಲುಗಾರ ಸಿಕ್ಕಿದ್ದ!

ಅಧ್ಯಕ್ಷರು ಮಲಗಿದ ಸಾಲಿನ ಫೋಟೊ ತೆಗೆದರು. "ರೋಗ ತಡೆಯೋದಿಲ್ಲ. ಕಣ್ಣಿಗೇ ಕಾಣ್ತಿದೆಯಲ್ಲ ಮೇಡಂ," ಎಂದರು.

"ಸರ್, ಬೀಳುತ್ತದೋ ನೋಡಲೆಂದೇ ಅದರ ಜೀನಿನ ಬಾಯಿ ಮುಚ್ಚಿಸಿದ್ದು. ಪಕ್ಕದ ಸಾಲು ನೋಡಿ. ಅದೂ ಇದೇ ಬೀಜ, ಅದಕ್ಕೂ ಇದೇ ರೋಗ," ಎಂದೆ.

"ಅರ್ಧ ಸಾಯೋ ತಳೀನ ರೈತರಿಗೆ ಹೇಗೆ ಕೊಡೋದು?"

ನಾಗಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. "ಅಲ್ರಾ ಸಾಯೇಬ್ರೆ, ಕೈಕಾಲ ಕಟ್ಟಿ ಹೊಳಿಗೆ ದೂಡ್ದವ್ರು ಈ ಅಕ್ಕೋರು. ಈಸೂಕೆ ಬರೂದಿಲ್ಲ ಅಂದೇಳಿ ನೀವು ನನ್ನ ಬದ್ನಿಗೆ ಬೈತ್ರಿ. ಇದ್ಯಾವ ನ್ಯಾಯ?"

ಅಧ್ಯಕ್ಷರು ನಕ್ಕು ಜೀಪು ಹತ್ತಿದರು.

ಸಮಿತಿಯ ವರದಿ ಬಂತು. ಅದರಲ್ಲಿ ಬಿದ್ದ ಗಿಡಗಳ ಚಿತ್ರವಿತ್ತು. ನಿಂತ ಸಾಲಿನ ಸುದ್ದಿಯೇ ಇರಲಿಲ್ಲ. ತಳಿ ತಿರಸ್ಕೃತ. ನಾನು ಬರೆದ ಆಕ್ಷೇಪಕ್ಕೆ 'ತೀರ್ಮಾನವಾಗಿದೆ' ಎಂದಷ್ಟೇ ಉತ್ತರ. ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಅರ್ಥವಾಗದಿದ್ದರೆ ಕೇಳಬಾರದಿತ್ತೇ? ಹೇಳಲು ನಾನು ಎದುರಿಗೇ ನಿಂತಿದ್ದೆನಲ್ಲ! ಪ್ರಯೋಗದ ಒಂದೇ ಸಾಲು ನೋಡಿದವರು ಏನನ್ನೂ ನೋಡಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಅದು.

ಆ ಹಂಗಾಮಿನಲ್ಲಿ ಅವರ್ಸಾದವರಿಗೆ ಹೊರಗಿನ ತಳಿಯ ಸಸಿ ಹಂಚಿದರು. ಹೂ ಬಿಡುವ ಮೊದಲೇ ಅವು ಸೊರಗಿ ಹೋದವು. ಜನ ನಾಗಮ್ಮನವರ ಅಂಗಳಕ್ಕೆ ಸಸಿ ಕೇಳಿಕೊಂಡು ಹೋದರು.