ಒಂಚೂರು ನಗು, ಪುಟ್ಟಿ

ಬೀದಿಯವರೆಲ್ಲ ಅವನನ್ನು ಸ್ಟುಡಿಯೋ ಮಾಮ ಎನ್ನುತ್ತಿದ್ದರು. ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಅಂಟಿಕೊಂಡು ಉಳಿದಿತ್ತು. ಎಲ್ಲರ ಜೇಬಿಗೂ ಕ್ಯಾಮೆರಾ ಬಂದು ಕೂತ ಮೇಲೆ ಅವನ ಅಂಗಡಿಗೆ ಯಾರು ಬರುತ್ತಾರೆ? ಅದಕ್ಕೆ ಮುಂಚೆ ಊರಿನ ಅರ್ಧ ಮದುವೆಗಳಿಗೆ ಅವನದೇ ವಿಡಿಯೋ. ಸಿಡುಕು ಮೋರೆಗಳನ್ನು ನಗಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೀಗರು ಮುಖ ಗಂಟು ಹಾಕಿಕೊಂಡು ಕೂತಿದ್ದರೆ, "ಯಜಮಾನ್ರೇ, ನಗೋದಕ್ಕೆ ಬೇರೆ ಚಾರ್ಜ್ ಇಲ್ಲ" ಎನ್ನುವನು. "ನನ್ನನ್ನೂ ಹೀಗೇ ನಗಿಸಿ ಬುಟ್ಟಿಗೆ ಹಾಕ್ಕೊಂಡ್ರು" ಎಂದು ಹೆಂಡತಿ ಈಗಲೂ ಹಂಗಿಸುತ್ತಾಳೆ.

ಅಂಥವನಿಗೆ ಕೊನೆಗೆ ಸಿಕ್ಕಿದ ಕೆಲಸ ನೋಡಿ! ಕೋರ್ಟಿನ ಹಿಂಭಾಗದಲ್ಲಿ ಹಳದಿ ಬಣ್ಣ ಬಳಿದ ಒಂದು ಸಣ್ಣ ಕೋಣೆ. ಎರಡು ಕುರ್ಚಿ, ಒಂದು ಕಿವಿ ಕಿತ್ತುಹೋದ ಬಟ್ಟೆ ಆನೆ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಮಕ್ಕಳಿಗೆ ದೊಡ್ಡವರು ಮಾಡಬಾರದ್ದನ್ನು ಮಾಡಿದ ಮೇಲೆ, ಆ ಮಕ್ಕಳನ್ನು ತಂದು ಅಲ್ಲಿ ಕೂರಿಸುತ್ತಾರೆ. ಮೇಡಂ ಒಬ್ಬರು ಮೆಲ್ಲಗೆ ಕೇಳುತ್ತಾರೆ, ಮಗು ಹೇಳುತ್ತದೆ, ಅದು ರೆಕಾರ್ಡ್ ಆಗುತ್ತದೆ. ಆಮೇಲೆ ಕೋರ್ಟಿನಲ್ಲಿ ಅದನ್ನೇ ತೋರಿಸುವುದು. ಮಗು ಕಟಕಟೆ ಹತ್ತುವಂತಿಲ್ಲ, ಆ ಪಾಪಿಯ ಮುಖ ನೋಡುವಂತಿಲ್ಲ. ಒಂದೇ ಒಂದು ಸಲ ಹೇಳಿದರೆ ಮುಗಿಯಿತು. ಆ ಕೋಣೆಯಿಂದ ಆಗುವ ಪುಣ್ಯ ಅಷ್ಟೇ, ಆದರೆ ಅದೇನು ಸಣ್ಣದಲ್ಲ.

ಸ್ಟುಡಿಯೋ ಮಾಮನಿಗೆ ಅಲ್ಲಿ ಎರಡು ಕಟ್ಟಪ್ಪಣೆ. ಮಗುವಿನ ಜೊತೆ ತುಟಿ ಬಿಚ್ಚಕೂಡದು. ರೆಕಾರ್ಡ್ ಆದದ್ದರಲ್ಲಿ ಒಂದು ಚೂರನ್ನೂ ಕತ್ತರಿಸಕೂಡದು. ಅವನು ಮೈಕು ಸಿಕ್ಕಿಸಿ, ಪಕ್ಕದ ಕೋಣೆಗೆ ಹೋಗಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುವನು. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. "ಏನಾಯ್ತು?" ಎಂದು ಹೆಂಡತಿ ಕೇಳಿದರೆ, "ಏನಿಲ್ಲ ಬಿಡು" ಎಂದು ಮೊಮ್ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳುವನು.

ಒಂದು ದಿನ ಆರು ವರ್ಷದ ಒಂದು ಹುಡುಗಿ ಬಂದಳು. ಅವಳಿದ್ದ ಬಾಡಿಗೆ ಮನೆಯ ಮಾಲೀಕ, ತಲೆ ನರೆತ ಮುದುಕ, ಅವನ ಮೇಲೆ ಕೇಸು. ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು ಆನೆಯ ಸೊಂಡಿಲನ್ನು ಹಿಂಡುತ್ತಿದ್ದಳು. ಮೇಡಂ ಇನ್ನೂ ಬಾಗಿಲಲ್ಲಿ ಅವಳ ಅಮ್ಮನಿಗೆ ಏನೋ ಹೇಳುತ್ತಿದ್ದರು. ಕ್ಯಾಮೆರಾವನ್ನು ಮೊದಲೇ ಆನ್ ಮಾಡಿಟ್ಟುಕೊಳ್ಳುವುದು ಸ್ಟುಡಿಯೋ ಮಾಮನ ಮದುವೆಮನೆ ಚಾಳಿ. ಮೈಕಿನ ತಂತಿ ಇನ್ನೂ ಸಿಕ್ಕಿಸಿರಲಿಲ್ಲ. ಕ್ಯಾಮೆರಾದಲ್ಲಿ ಅವಳ ಮುಖ ಕಂಡಿತು. ಅಯ್ಯೋ, ಹೆದರಿ ಬಿಳಿಚಿಕೊಂಡ ಆ ಮುಖ! ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಬಾಯಿ ತಾನಾಗಿ ಆಡಿಬಿಟ್ಟಿತು.

"ಎಲ್ಲಿ, ಒಂಚೂರು ನಗು ಪುಟ್ಟಿ."

ದೊಡ್ಡವರು ಹೇಳಿದ್ದನ್ನು ಕೇಳುವ ಮಗು ಅದು, ಪಾಪ. ನಕ್ಕಿತು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಅವನು ತಂತಿ ಸಿಕ್ಕಿಸಿ ಹೊರಗೆ ಹೋದ. ಹುಡುಗಿ ಎಲ್ಲವನ್ನೂ ಹೇಳಿದಳು, ಒಂದನ್ನೂ ಬಿಡಲಿಲ್ಲ.

ವಿಚಾರಣೆಯ ದಿನ ಮುದುಕನ ಪರ ವಕೀಲರು ಅವಳು ಹೇಳಿದ್ದನ್ನು ಮುಟ್ಟಲೇ ಇಲ್ಲ. "ಶುರುವಿನದನ್ನು ಹಾಕಪ್ಪ" ಎಂದರು, ವಿಡಿಯೋ ಹಾಕಲು ಕೂತಿದ್ದ ಸ್ಟುಡಿಯೋ ಮಾಮನಿಗೆ. ಅವನು ಹಾಕಿದ. ಪರದೆಯ ತುಂಬ ಹುಡುಗಿಯ ನಗು. ಸದ್ದಿಲ್ಲ, ಬರೀ ನಗು.

"ಇನ್ನೊಂದ್ಸಲ ಹಾಕು." ಅವನು ಹಾಕಿದ. "ನೋಡಿ ಸ್ವಾಮಿ, ಅಂಥದ್ದೆಲ್ಲ ನಡೆದ ಮಗು ಹೀಗೆ ನಗುತ್ತಾ? ಹೇಳಿಕೊಟ್ಟ ಪಾಠ ಒಪ್ಪಿಸೋಕೆ ಬಂದ ಖುಷಿ ಇದು."

ನಗು ಅಂದವನು ನಾನು ಎಂದು ಕೂಗಬೇಕು ಅನ್ನಿಸಿತು ಅವನಿಗೆ. ಕೂಗಿದರೆ? ಮಗುವಿನ ಜೊತೆ ಹೊರಗಿನವನು ಮಾತಾಡಿದ್ದಾನೆ ಎಂದು ಇಡೀ ರೆಕಾರ್ಡಿಂಗನ್ನೇ ತಳ್ಳಿಹಾಕುತ್ತಾರೆ, ಆ ಕೂಸು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಕೂಗದಿದ್ದರೆ ಮುದುಕ ಮೀಸೆ ತಿರುವಿಕೊಂಡು ಮನೆಗೆ ಹೋಗುತ್ತಾನೆ. ಅತ್ತ ದರಿ, ಇತ್ತ ಪುಲಿ. ತನ್ನ ಕೆಲಸದ ಚಿಂತೆಯೂ ಒಳಗೆಲ್ಲೋ ಇದ್ದಿರಬೇಕು, ಅವನೂ ಮನುಷ್ಯನೇ. ಅಂತೂ ಆ ದಿನ ಅವನು ಬಾಯಿ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಹುಡುಗಿಯ ಅಮ್ಮ ಪರದೆಯನ್ನೇ ನೋಡುತ್ತ ಕಲ್ಲಾಗಿ ಕೂತಿದ್ದಳು.

ಮನೆಯಲ್ಲಿ ಹೆಂಡತಿಗೆ ಹೇಳಿದ. ಯಾವತ್ತೂ ಹಂಗಿಸುವವಳು ಅಂದು ಹಂಗಿಸಲಿಲ್ಲ. "ನಮ್ಮ ಕೂಸಾಗಿದ್ರೆ ಸುಮ್ನೆ ಇರ್ತಿದ್ರಾ?" ಎಂದಳು, ಅಷ್ಟೇ.

ಮುಂದಿನ ವಿಚಾರಣೆಗೆ ಅವನು ಎದ್ದು ನಿಂತ. "ಸ್ವಾಮಿ, ಆ ಮಗು ತಾನಾಗಿ ನಗಲಿಲ್ಲ. ನಾನು ನಗಿಸಿದೆ. ಮದುವೆಗಳಲ್ಲಿ ಹೇಳಿ ಹೇಳಿ ರೂಢಿ ಆಗಿಬಿಟ್ಟಿತ್ತು." ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಅವನು ಹೆದರಿದ್ದನ್ನೇ ನ್ಯಾಯಾಧೀಶರು ಹೇಳಿದರು: ಈ ರೆಕಾರ್ಡಿಂಗ್ ನಡೆಯುವುದಿಲ್ಲ, ಹೊಸದಾಗಿ ಮಾಡಿ.

ಹೊರಗೆ ಮೆಟ್ಟಿಲ ಹತ್ತಿರ ಹುಡುಗಿಯ ಅಮ್ಮ ಅವನನ್ನು ತಡೆದು ನಿಲ್ಲಿಸಿದಳು. ಬೈಯುತ್ತಾಳೆ ಅಂದುಕೊಂಡ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅವತ್ತೇ ಹೇಳಬಾರ್ದಿತ್ತಾ ಅಣ್ಣ?" ಎಂದಳು. "ಮನೆಗೆ ಹೋಗಿ ಅವಳಿಗೆ ಹೊಡೆದುಬಿಟ್ಟೆ. ಅಲ್ಲಿ ಹೋಗಿ ಯಾಕೆ ಹಲ್ಲು ಕಿರಿದೆ ಅಂತ ಹೊಡೆದೆ. ಅಂಕಲ್ ನಗು ಅಂದ್ರು ಅಂತ ಅಂದ್ಲು. ನಾನು ನಂಬಲಿಲ್ಲ."

ಅವನು ಕೈ ಮುಗಿದ. ಅವಳು ಅದನ್ನು ನೋಡದೆ ಇಳಿದುಹೋದಳು.

ಮುದುಕನಿಗೆ ಕೊನೆಗೆ ಶಿಕ್ಷೆಯಾಯಿತು, ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಎಲ್ಲರೂ ಸಮಾಧಾನಪಟ್ಟರು. ಸ್ಟುಡಿಯೋ ಮಾಮನಿಗೆ ಮಾತ್ರ ಆ ಸಮಾಧಾನ ದಕ್ಕಲಿಲ್ಲ, ಏಕೆಂದರೆ ಎರಡನೆಯ ರೆಕಾರ್ಡಿಂಗನ್ನೂ ಅವನೇ ಮಾಡಬೇಕಾಗಿ ಬಂದಿತ್ತು. ಬೇರೆ ಆಳು ಇರಲಿಲ್ಲ. ಕಟುವಾಗಿ ಎಚ್ಚರಿಕೆ ಕೊಟ್ಟು, ಪಕ್ಕದಲ್ಲಿ ಒಬ್ಬ ಅಧಿಕಾರಿಯನ್ನು ಕಾವಲಿಗೆ ನಿಲ್ಲಿಸಿದ್ದರು. ಕೆಮ್ಮು ಬಂದರೂ ತಡೆದುಕೊಳ್ಳಬೇಕು ಎಂದಿದ್ದರು.

ಹುಡುಗಿ ಬಂದಳು. ಎತ್ತರವಾಗಿದ್ದಳು. ಆನೆಯನ್ನು ಮುಟ್ಟಲಿಲ್ಲ. ಅವನು ಬಗ್ಗಿ ಅವಳ ಕಾಲರಿಗೆ ಮೈಕು ಸಿಕ್ಕಿಸುತ್ತಿದ್ದಾಗ, ಅಷ್ಟು ಹತ್ತಿರದಿಂದ ಅವನ ಮುಖ ನೋಡಿದಳು. ಅವಳಿಗೆ ಗುರುತು ಸಿಕ್ಕಿತು.

"ಈ ಸಲ ನಾನು ನಗಲ್ಲ ಅಂಕಲ್" ಎಂದಳು.

ಮಾತಾಡುವಾಗ ಕಂಡಿತು, ಮುಂದಿನ ಎರಡು ಹಲ್ಲೂ ಹೊಸದಾಗಿ ಬಂದಿದ್ದವು. ನಗು ಕಂದ, ತಪ್ಪು ನಿನ್ನದಲ್ಲ, ನನ್ನದು ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂತು. ಅಧಿಕಾರಿ ನೋಡುತ್ತಿದ್ದ. ಅದನ್ನು ಆಡಿದರೆ ಅವಳು ಮೂರನೆಯ ಸಲ ಬರಬೇಕಾಗುತ್ತಿತ್ತು. ಅವನು ತಂತಿಯನ್ನು ಸರಿಮಾಡಿ, ಬಾಗಿಲು ಹಾಕಿಕೊಂಡು ಹೊರಗೆ ಬಂದ.