ಮಂಗಳವಾರದ ಒಣಕಸ

ಬ್ರಹ್ಮಾವರದಲ್ಲಿ ಬಸ್ಸು ಹತ್ತಿ ಕೂತದ್ದಷ್ಟೇ, ಪಕ್ಕದ ಸೀಟಿನ ಹೆಂಗಸು ನನ್ನನ್ನು ನೋಡಿ ನಕ್ಕಳು. ನಾನೂ ನಕ್ಕೆ. ನಲವತ್ತರ ಆಸುಪಾಸು, ನೀಲಿ ಸೀರೆ, ಮುಡಿಯಲ್ಲಿ ಅಬ್ಬಲಿಗೆ. ಯಾರೆಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು; ಒಮ್ಮೆ ನೋಡಿದ ಮುಖ ಮರೆಯುವುದಿಲ್ಲ ಎಂದು ಊರಿಡೀ ಜಂಭ ಕೊಚ್ಚಿಕೊಂಡವಳು.

ಹಳೇ ವಿದ್ಯಾರ್ಥಿನಿಯೇ ಇರಬೇಕೆಂದು, ಯಾವ ವರ್ಷ ಏಳನೇ ಕ್ಲಾಸು ಮುಗಿಸಿದ್ದು ಎಂದು ಕೇಳಿದೆ. ಅವಳು ಕಲಿತದ್ದು ಯಡ್ತರೆಯ ಶಾಲೆಯಲ್ಲಿ ಅಂತೆ. ಆ ಕಡೆ ನಾನು ಕೆಲಸ ಮಾಡಿದ್ದೇ ಇಲ್ಲ. ಹಾಗಾದರೆ ಗಂಡನ ಕಡೆಯ ನೆಂಟರವಳೋ ಏನೋ. ನಮ್ಮ ಮನೆಗೆ ಹೊಸ ಮಿಕ್ಸಿ ಬಂದದ್ದು ಅವಳಿಗೆ ಗೊತ್ತಿತ್ತು. ನಾನು ತಲೆಗೆ ಬಣ್ಣ ಹಚ್ಚುವುದು ಬಿಟ್ಟದ್ದೂ ಗೊತ್ತಿತ್ತು. ನನಗೆ ಮಾತ್ರ ಅವಳ ಬಗ್ಗೆ ಒಂದಕ್ಷರ ಗೊತ್ತಿಲ್ಲ. ಎಂಥ ಪೇಚು!

ಸಾಲಿಗ್ರಾಮ ದಾಟಿದ ಮೇಲೆ ಅವಳು ಸ್ವರ ತಗ್ಗಿಸಿದಳು. "ಅಮ್ಮ ಇದ್ರಾ ಅಕ್ಕ?"

ನನಗೆ ಸಿಟ್ಟು ನೆತ್ತಿಗೇರಿತು. ಇದ್ದಾರೆ, ಗಟ್ಟಿಮುಟ್ಟಾಗಿದ್ದಾರೆ, ನಿನಗ್ಯಾಕೆ ಆ ಸಂಶಯ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಅವಳು ಎದೆ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು.

"ಎರಡ್ ತಿಂಗ್ಳಾಯ್ತ್, ಅವ್ರ್ ಮಾತ್ರಿ ಖಾಲಿ ಕವರ್ ಕಸದೊಟ್ಟಿಗೆ ಬತ್ತಿಲ್ಲೆ. ಅದ್ಕೇ ಹೆದ್ರಿಕೆ ಆಯ್ತ್."

ಆಗ ತಿಳಿಯಿತು. ಪ್ರತಿ ಮಂಗಳವಾರ ಗಾಡಿಯಲ್ಲಿ ಬಂದು ಒಣಕಸ ಒಯ್ಯುವವಳು. ಹಸಿರು ಕೋಟು, ಟೊಪ್ಪಿ, ಮಾಸ್ಕ್ ಇಲ್ಲದೆ ಅವಳನ್ನು ನಾನು ಕಂಡದ್ದೇ ಇಲ್ಲ. ಒಂದು ಸಲ ಚೀಲದಲ್ಲಿ ಹಸಿ ಕಸ ಬೆರೆತಿದೆ ಎಂದು ವಾಪಸು ಕೊಟ್ಟಾಗ, ನನಗೆ ಪಾಠ ಹೇಳಲು ಬರಬೇಡ ಎಂದು ಗೇಟಿನಲ್ಲೇ ಬೈದಿದ್ದೆ. ಅದು ನೆನಪಾಗಿ ಮುಖ ಎಲ್ಲಿಡುವುದೆಂದು ತಿಳಿಯದೆ ಕಿಟಕಿಯ ಕಡೆ ತಿರುಗಿದೆ. ಹೆಸರು ಕೂಡ ಕೇಳದೆ ಇಳಿದುಬಿಟ್ಟೆ.

ಮನೆಗೆ ಬಂದು ಅಮ್ಮನಲ್ಲಿ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳಿದೆ. ಹೌದೆಂದಳು. ಅವಳ ಸೀರೆ ಪೆಟ್ಟಿಗೆ ತೆರೆದರೆ, ತಿಂಗಳು ತಿಂಗಳು ನಾನು ತಂದುಕೊಟ್ಟ ಮಾತ್ರೆಗಳು ಮಡಿಕೆಗಳ ನಡುವೆ ಹಾಗೇ ಇದ್ದವು.

"ತಿಂದ್ರೆ ತಲೆ ತಿರ್ಗುತ್ತ್ ಮಗಾ," ಎಂದಳು ಅಮ್ಮ. "ಹೇಳ್ರೆ ನೀ ಬೈತಿ."

ಬೈಯಲೆಂದೇ ಬಾಯಿ ತೆರೆದಿದ್ದೆ. ಮುಚ್ಚಿಕೊಂಡೆ. ಒಂದೇ ಕೋಣೆಯಲ್ಲಿ ಮಲಗುವವರು ನಾವಿಬ್ಬರು. ನಾನು ಇಷ್ಟು ದಿನ ಎಂತ ನೋಡುತ್ತಿದ್ದೆ? ಅಮ್ಮನ ಮೇಲೆ ಸಿಟ್ಟೋ, ನನ್ನ ಮೇಲೋ, ಒಂದೂ ಬಗೆಹರಿಯಲಿಲ್ಲ. ಮರುದಿನ ಡಾಕ್ಟರು ಬಿ.ಪಿ. ನೋಡಿ, ಇನ್ನೂ ಸ್ವಲ್ಪ ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಮಾತ್ರೆ ಬದಲಿಸಿದರು.

ಎರಡು ವಾರ ಕಳೆದ ಮೇಲೆ, ಮಂಗಳವಾರ ಬೆಳಿಗ್ಗೆ, ಮೊದಲ ಖಾಲಿ ಕವರನ್ನು ಕಸದ ಚೀಲದ ಮೇಲ್ಗಡೆಯೇ ಇಟ್ಟು ಗೇಟಿನಲ್ಲಿ ಕಾದೆ. ಗಾಡಿಯಿಂದ ಇಬ್ಬರು ಇಳಿದರು. ಇಬ್ಬರಿಗೂ ಅದೇ ಕೋಟು, ಅದೇ ಟೊಪ್ಪಿ, ಅದೇ ಮಾಸ್ಕ್. ಯಾರಿಗೆ ಕೊಡುವುದೆಂದು ತಿಳಿಯದೆ ಚೀಲ ಹಿಡಿದು ನಿಂತೆ. ಒಬ್ಬಳು ತಾನೇ ಬಂದು ಚೀಲ ತೆಗೆದುಕೊಂಡಳು. ಕವರು ಎತ್ತಿ, ಕುಳಿಗಳನ್ನು ಬೆರಳಲ್ಲಿ ಒಂದೊಂದಾಗಿ ಒತ್ತಿ ನೋಡಿ, ಜಗಲಿಯಲ್ಲಿ ಕೂತ ಅಮ್ಮನನ್ನು ಕರೆದು, ಹತ್ತೂ ತಿಂದದ್ದು ಹೌದಾ ಎಂದು ಕೇಳಿದಳು. ಹೌದೆಂದು ಅಮ್ಮ ಅಲ್ಲಿಂದಲೇ ನಕ್ಕಳು. ನನ್ನೊಡನೆ ಮಾತ್ರೆಯ ಮಾತು ಬಂದರೆ ಅವಳು ಹಾಗೆ ನಗುವುದಿಲ್ಲ.

ಚೀಲ ಗಾಡಿಗೆ ಹಾಕಿ ಅವಳು ಹತ್ತಲು ಹೊರಟಾಗ ನಾನು ಕೋಟಿನ ತೋಳು ಹಿಡಿದೆ.

"ಮಾಸ್ಕ್ ಒಂಚೂರ್ ಕೆಳ್ಗ್ ಮಾಡ್ ಮಾರಾಯ್ತಿ," ಎಂದೆ. "ನಂಗ್ ನಿನ್ ಮೋರೆ ಕಾಣ್ಕ್."