ಬಾಣಂತಿಗೆ ಸೋಲಾರ್ ನೀರು

ಚೊಚ್ಚಲ ಹೆರಿಗೆಗೆಂದು ನಾನು ಗುಂಡ್ಲುಪೇಟೆಯಿಂದ ಚಾಮರಾಜನಗರದ ತವರಿಗೆ ಬಂದಾಗ ಅಲ್ಲಿ ನನಗಿಂತ ಮುಖ್ಯವಾದ ವಿಷಯವೊಂದರ ಚರ್ಚೆ ನಡೆದಿತ್ತು. ಬಾಣಂತಿಯ ಸ್ನಾನಕ್ಕೆ ನೀರು ಕಾಯಿಸಲು ಮನೆಗೆ ಯಾವುದನ್ನು ತರಬೇಕು? ಬಚ್ಚಲಿಗೆ ಟೈಲ್ಸ್ ಹಾಕಿಸುವ ಭರದಲ್ಲಿ ಅಪ್ಪ ಹಳೆಯ ಒಲೆಯನ್ನು ಒಡೆಸಿದ್ದರು. ತಾಮ್ರದ ಹಂಡೆ ಹಿತ್ತಲು ಸೇರಿತ್ತು. ಅಪ್ಪ, ಅಣ್ಣ, ನನ್ನ ಯಜಮಾನರು, ಮೂವರೂ ಈ ವಿಷಯದಲ್ಲಿ ಮಹಾಪಂಡಿತರು. ಒಂದು ಚೊಂಬು ನೀರನ್ನಾದರೂ ಕಾಯಿಸಿದವರು ಅವರಲ್ಲಿ ಒಬ್ಬರೂ ಇರಲಿಲ್ಲ.

"ಗ್ಯಾಸ್ ಗೀಸರ್ರೇ ಸರಿ, ತಿರುಗಿಸ್ತಿದ್ದಂಗೇ ಬಿಸಿ ಬತ್ತದೆ," ಅಂದ ಅಣ್ಣ.

"ಒಳಗೇ ಉಸ್ರು ಕಟ್ಟಿ ಬಿದ್ರೆ ಏನ್ಲಾ ಮಾಡೀಯೆ? ಕರೆಂಟಿನ್ದೇ ಆಕ್ಸನ," ಅಂದರು ಅಪ್ಪ.

"ಕರೆಂಟ್ ಇದ್ರೆ ತಾನೆ ಮಾವ? ಸೋಲಾರ್ ಆಕ್ಸ್ಬುಡಿ. ನಮ್ಮನೇಲೂ ಅದೇ ಇರದು," ಅಂದರು ನಮ್ಮ ಯಜಮಾನರು.

ಅಳಿಯ ಬಾಯಿ ಬಿಟ್ಟ ಮೇಲೆ ಇನ್ನೇನು? ಬೀಗರ ತಾರಸಿಯ ಮೇಲಿರುವುದು ನಮ್ಮ ತಾರಸಿಯ ಮೇಲೆ ಇಲ್ಲದಿದ್ದರೆ ಮಾನ ಉಳಿಯುತ್ತದೆಯೇ? ಮೀಯಬೇಕಾದ ನನ್ನನ್ನಾಗಲಿ, ನೀರು ಹುಯ್ಯಬೇಕಾದ ಅವ್ವನನ್ನಾಗಲಿ ಒಂದು ಮಾತು ಕೇಳುವುದು ಯಾರಿಗೂ ಹೊಳೆಯಲಿಲ್ಲ. ಮಗಳು ಹುಟ್ಟುವ ಹೊತ್ತಿಗೆ ಸೋಲಾರ್ ಬಂದು ಕೂತಿತ್ತು.

ಪುರುಡು ಕಳೆಯುವ ದಿನ ಮನೆಮಂದಿಯೆಲ್ಲ ತಲೆಗೆ ನೀರು ಹಾಕಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ನನಗೂ ಅಂದೇ ಮೊದಲ ತಲೆನೀರು. ಅವ್ವ ಮೈಗೆಲ್ಲ ಹರಳೆಣ್ಣೆ ತಿಕ್ಕಿ ಕೂರಿಸಿದ್ದಳು. ಹಿರಿಯರೆಂದು ಅಪ್ಪ ಮೊದಲು ಹೋದರು. ಅಳಿಯನೆಂದು ಯಜಮಾನರು ಹೋದರು. ನೀರು ಸರಿಯಾಗಿ ಬರುತ್ತಿದೆಯೋ ಇಲ್ಲವೋ ನೋಡುವ ಘನಕಾರ್ಯಕ್ಕೆ ಅಣ್ಣ ಹೋದ, ನೋಡಿದ, ನೋಡುತ್ತಲೇ ಇದ್ದ. ನನ್ನ ಸರದಿಗೆ ನಲ್ಲಿಯಿಂದ ಬಂದದ್ದು ತಣ್ಣೀರು. ಆಕಾಶದ ತುಂಬ ಮೋಡ.

"ಚೂರು ತಡ್ಕೊ, ಬಿಸ್ಲು ಬತ್ತದೆ," ಎಂದು ಯಜಮಾನರು ಸಮಾಧಾನ ಹೇಳಿದರು. ಹಸಿ ಬಾಣಂತಿ ಎಣ್ಣೆ ಮೈಯಲ್ಲಿ ಸೂರ್ಯನ ದಾರಿ ಕಾಯಬೇಕಂತೆ! ಸಿಟ್ಟಿಗೆ ಅಳುವೇ ಬಂತು.

ಅವ್ವ ಹಿತ್ತಲಲ್ಲಿ ಕಲ್ಲು ಹೂಡಿ, ಹಂಡೆ ಏರಿಸಿ, ತೆಂಗಿನ ಮಟ್ಟೆ ಉರಿ ಹಾಕಿದಳು. ಸುಡುಸುಡು ನೀರು ಸೊಂಟಕ್ಕೆ ಬಿದ್ದಾಗ ಹೋದ ಜೀವ ಬಂದಂತಾಯಿತು.

"ಅವ್ವ, ನಿನ್ನ ಬಾಣಂತನ್ದಲ್ಲಿ ಯಾರು ಉಯ್ತಿದ್ರು?" ಎಂದು ಕೇಳಿದೆ.

"ನಮ್ಮವ್ವ ಎಲ್ಲಿದ್ಲಮ್ಮಿ? ನಾನೇ ಉಯ್ಕೊತಿದ್ದಿ. ಗಂಡಸ್ರೆಲ್ಲ ಮಿಂದ ಮ್ಯಾಲೆ ಅಂಡೆ ತಳದಲ್ಲಿ ಉಳಿದಿದ್ನ. ಈಗ್ಲೂ ಅಂಗೇ ಅಲ್ವಾ, ಅದ್ರಲ್ಲೇನದೆ?" ಅಂದಳು, ಕೈ ನಿಲ್ಲಿಸದೆ.

ಆ ಮನೆಯಲ್ಲಿ ಅಷ್ಟು ವರ್ಷ ಬೆಳೆದರೂ, ಅವ್ವ ಎಲ್ಲರಿಗಿಂತ ಕೊನೆಗೆ ಮೀಯುವುದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ.

ಮತ್ತೆ ಒಳ್ಳೆಯ ಬಿಸಿಲು ಬಿದ್ದ ದಿನ ಅವ್ವನ ಕೈಗೆ ಟವೆಲ್ಲು ಕೊಟ್ಟು, ಬೇಡ ಬೇಡವೆಂದರೂ ಬಚ್ಚಲಿಗೆ ತಳ್ಳಿದೆ. ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಬಾಗಿಲಿಗೆ ಅಡ್ಡವಾಗಿ ಕುರ್ಚಿಯಲ್ಲಿ ಕೂತೆ. ಪಂಡಿತರು ಒಬ್ಬೊಬ್ಬರಾಗಿ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದು ನಿಂತರು.

"ಅವ್ವ ನೀರು ಉಯ್ಕೊತಾವ್ಳೆ," ಅಂದೆ. "ಉಳುದ್ರೆ ಕರೀತೀನಿ."